ಏಳನೆಯ ಹಾಳೆ

ಜನವರಿ 6, 2024, ಶನಿವಾರ

ಇವತ್ತು ಮಲಾಡ್‌ಗೆ ಹೋಗಿ ಮುರಿಗೆಪ್ಪ ಸರ್ ಅವರನ್ನು ನೋಡಿಬಂದೆ. ಮೊನ್ನೆ ಅವರ ಸೊಸೆ ವೈಶಾಲಿ ಫೋನ್ ಮಾಡಿ, ಮಾವನವರ ಕಣ್ಣು ತೀರಾ ಮಂದವಾಗಿದೆ, ನಿಮ್ಮ ಹೆಸರು ತೆಗೆಯುತ್ತಿದ್ದಾರೆ ಎಂದಿದ್ದಳು. ವಡಾಲದ ನಮ್ಮ ಮನೆಯಿಂದ ಗೋರೆಗಾಂವ್ ತನಕ ಮುಂಬಯಿಯ ಹಾರ್ಬರ್ ಲೈನಿನ ಲೋಕಲ್ ಗಾಡಿ, ಅಲ್ಲಿಂದ ಒಂದೇ ಸ್ಟೇಷನ್. ಇಷ್ಟು ಹತ್ತಿರವಿದ್ದೂ ನಾಲ್ಕು ವರ್ಷ ಹೋಗಿರಲಿಲ್ಲ.

ಸರ್‌ಗೆ ಈಗ ಎಂಬತ್ತೆರಡು. ಬೈಕುಲ್ಲಾದ ನಮ್ಮ ರೈಲುಗಾಡಿ ಕಟ್ಟುವ ಕಂಪನಿಯಲ್ಲಿ ಅವರು ಹೆಡ್ ಡ್ರಾಫ್ಟ್ಸ್‌ಮನ್, ನಾನು ಟ್ರೇಸರ್. ಅವರು ಪೆನ್ಸಿಲ್‌ನಲ್ಲಿ ಬರೆದ ನಕ್ಷೆಯ ಮೇಲೆ ಟ್ರೇಸಿಂಗ್ ಬಟ್ಟೆ ಹಾಸಿ, ಕಪ್ಪು ಶಾಯಿಯಲ್ಲಿ ಅದೇ ಗೆರೆಗಳನ್ನು ಎಳೆಯುವುದು ನನ್ನ ಕೆಲಸ. ಕಂಪನಿ ಮುಚ್ಚುವ ತನಕ ಹದಿನೆಂಟು ವರ್ಷ ಅದನ್ನೇ ಮಾಡಿದೆ. ಆಮೇಲೆ ಪಾಲಿಟೆಕ್ನಿಕ್‌ನಲ್ಲಿ ಕಲಿಸಿದೆನಾದರೂ ನನ್ನನ್ನು ಯಾರಾದರೂ ಏನು ಕೆಲಸ ಎಂದು ಕೇಳಿದರೆ ಇವತ್ತಿಗೂ ಬಾಯಿಗೆ ಬರುವುದು ಟ್ರೇಸರ್ ಎಂದೇ.

ಸರ್ ಕೋಣೆಯ ಕಪಾಟಿನ ತುಂಬ ಐರ್ಲೆಂಡಿನ ಹಳೆಯ ರೈಲುಗಾಡಿಗಳ ಮಾದರಿಗಳು. ಹಿತ್ತಾಳೆ ತಗಡು, ತೆಳು ಕಟ್ಟಿಗೆ, ಎಲ್ಲ ಅವರ ಕೈಯವೇ. ಒಂದು ಅಡಿಗೆ ಏಳು ಮಿಲಿಮೀಟರ್ ಲೆಕ್ಕ. ಐರ್ಲೆಂಡನ್ನು ಅವರು ಕಂಡವರಲ್ಲ. ನೂರು ವರ್ಷಗಳ ಹಿಂದೆ ನಮ್ಮ ಕಂಪನಿಗೆ ಅಲ್ಲಿಂದ ಬಂದ ಒಬ್ಬ ಇಂಜಿನಿಯರು ತನ್ನ ಊರಿನ ಪುಟ್ಟ ರೈಲಿನ ನಕ್ಷೆಗಳನ್ನು ಜೊತೆಗೆ ತಂದಿದ್ದ. ಮೂರಡಿ ಅಗಲದ ಹಳಿಯ ಮೇಲೆ ಓಡುತ್ತಿದ್ದ ಮೂರನೆಯ ದರ್ಜೆಯ ಬೋಗಿ. ಅಲ್ಲಿ ಆ ರೈಲೂ ಉಳಿದಿಲ್ಲ, ನಕ್ಷೆಗಳೂ ಇಲ್ಲ. ಇರುವ ಒಂದೇ ಪ್ರತಿ ನಮ್ಮ ರೆಕಾರ್ಡ್ ರೂಮಿನಲ್ಲಿತ್ತು. ಕಂಪನಿ ಮುಚ್ಚಿದಾಗ ಸರ್ ಮ್ಯಾನೇಜರರನ್ನು ಕೇಳಿ ಮನೆಗೆ ತಂದರು.

ಆರು ಹಾಳೆಗಳಿವೆ. ಇರಬೇಕಾದದ್ದು ಏಳು. ಬೋಗಿಯ ತುದಿಯ ನೋಟ, ಅಡ್ಡ ಸೀಳಿದ ಒಳನೋಟ, ಸೂರಿನ ಬಾಗು ಎಲ್ಲ ಇದ್ದದ್ದು ಏಳನೆಯದರಲ್ಲಿ. ಅದು ಕಳೆದುಹೋಗಿ ಮೂವತ್ತಮೂರು ವರ್ಷವಾಯಿತು.

ಮೇಜಿನ ಮೇಲೆ ಒಂದು ಗೇಣುದ್ದದ ಬೋಗಿ ಇದೆ. ಪಕ್ಕದ ಗೋಡೆಗಳು, ಬಾಗಿಲುಗಳು, ಕೆಳಗಿನ ಚೌಕಟ್ಟು ಎಲ್ಲ ಆಗಿದೆ. ಎರಡು ತುದಿ ಬಯಲು, ಮೇಲೆ ಸೂರಿಲ್ಲ.

"ಶಿವಕುಮಾರಿ, ಶನಿವಾರಕ್ಕೊಮ್ಮೆ ಬಂದ ಹೋಗು. ನಿನ್ನ ಕಣ್ಣು, ನನ್ನ ಕೈ. ಇದೊಂದ ಮುಗಿಸೂಣು," ಎಂದರು.

ಬರುತ್ತೇನೆ ಎಂದೆ. ಬೇರೆ ಏನು ಹೇಳಲಿ.

ಜನವರಿ 13, ಶನಿವಾರ

ಸರ್‌ಗೆ ಈಗ ನೇರವಾಗಿ ನೋಡಿದರೆ ಕಾಣುವುದಿಲ್ಲ. ಮೋರೆ ಓರೆ ಮಾಡಿ ಕಣ್ಣಂಚಿನಿಂದ ನೋಡುತ್ತಾರೆ. ನಾನು ಆರು ಹಾಳೆಗಳ ಅಳತೆಗಳನ್ನು ಓದಿ ಹೇಳಿದೆ, ಅವರು ಬೆರಳಿನಿಂದ ಹಿತ್ತಾಳೆಯ ಪಟ್ಟಿ ತಡವಿ ಹೂಂ ಎಂದರು.

ಊಟಕ್ಕೆ ಕುಳಿತಾಗ ಮರೆಪ್ಪನ ಮಾತು ಬಂತು. ನಾನು ತೆಗೆಯಲಿಲ್ಲ, ಅವರೇ ತೆಗೆದರು.

"ಮರೆಪ್ಪಾ ಆ ಹಾಳಿ ಒಂದ ಜ್ವಾಕಿ ಮಾಡಿದ್ದರ ಇದು ಯಾವಾಗೋ ಮುಗೀತಿತ್ತು. ಕೀಲಿ ಅವನ ಕೈಯಾಗ ಇತ್ತು. ನಮ್ಮ ಕಡಿಯಾಂವ, ನಾನs ಹಚ್ಚಿದ ಮನಿಷಾ. ಬ್ಯಾರೆಯವರ ಆಗಿದ್ದರ ಇಷ್ಟ ಹತ್ತತಿರಲಿಲ್ಲ."

ಮರೆಪ್ಪ ರೆಕಾರ್ಡ್ ರೂಮಿನ ಪ್ಯೂನ್. ಹಾಳೆ ಕಾಣೆಯಾದ ಮೇಲೆ ಅವನಿಗೆ ಮೆಮೋ ಕೊಟ್ಟು ಅಂಗಳಕ್ಕೆ, ಕಬ್ಬಿಣ ಹೊರುವ ಖಲಾಸಿ ಕೆಲಸಕ್ಕೆ ಹಾಕಿದರು. ಅದೇ ವರ್ಷ ರೆಕಾರ್ಡ್ ಕ್ಲರ್ಕ್ ಆಗುವುದಿತ್ತು. ಕಂಪನಿ ಮುಚ್ಚುವ ದಿನದವರೆಗೂ ಖಲಾಸಿಯಾಗಿಯೇ ಉಳಿದ.

ವೈಶಾಲಿ ಇನ್ನೊಂದು ರೊಟ್ಟಿ ಹಾಕಲು ಬಂದಳು. ಸಾಕು ಎಂದೆ.

ಜನವರಿ 15, ಸೋಮವಾರ

ಸಂಕ್ರಾಂತಿ. ಮಗಳು ಭುವನೇಶ್ವರಿ ಆಫೀಸಿಗೆ ರಜೆ ಹಾಕಿ ಮನೆಯಲ್ಲಿದ್ದಳು. ಎಳ್ಳು ಹಚ್ಚಿಕೊಂಡು ಸ್ನಾನ ಮಾಡು ಎಂದರೆ ನಕ್ಕಳು. ಎಣ್ಣೆ, ಸಾಬೂನು, ಯಾವುದು ತಾಗಿದರೂ ಇವತ್ತಿಗೂ ಅವಳ ಮೊಣಕೈ ಕೆಂಪಾಗುತ್ತದೆ. ಹುಟ್ಟಿದಾಗಿನಿಂದ ಹಾಗೆಯೇ.

ಇಲ್ಲಿ ಬರೆದುಬಿಡುತ್ತೇನೆ. ಇದನ್ನು ಓದುವವರು ಯಾರೂ ಇಲ್ಲ.

ಟ್ರೇಸಿಂಗ್ ಬಟ್ಟೆ ಎಂದರೆ ನಯವಾದ ನೂಲಿನ ಬಟ್ಟೆಗೆ ಗಂಜಿ ಹಾಕಿ ಗಾಜಿನಂತೆ ಮಾಡಿದ್ದು. ಬಿಸಿನೀರಿನಲ್ಲಿ ನೆನೆಸಿ ತಿಕ್ಕಿದರೆ ಗಂಜಿಯ ಜೊತೆ ಶಾಯಿಯೂ ಬಿಟ್ಟುಹೋಗಿ ಬಿಳಿ ಬಟ್ಟೆ ಉಳಿಯುತ್ತದೆ. ರದ್ದಾದ ನಕ್ಷೆಗಳನ್ನು ನಾವು ಹೆಂಗಸರು ಮನೆಗೆ ಒಯ್ದು ಕರವಸ್ತ್ರ, ದಿಂಬಿನ ಚೀಲ ಮಾಡಿಕೊಳ್ಳುತ್ತಿದ್ದೆವು. ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. 1991ರ ಫೆಬ್ರುವರಿಯಲ್ಲಿ ರೆಕಾರ್ಡ್ ರೂಮು ಖಾಲಿ ಮಾಡುವಾಗ ಸರ್ ಹೇಳಿದ್ದರು: "ಹಸಿರು ಪಟ್ಟಿ ಕಟ್ಟಿದ್ದ ಐರಿಶ್ ಕಟ್ಟ ಒಂದ ಬಿಟ್ಟ, ಉಳದದ್ದ ತಗೊಳ್ರಿ."

ಭುವನಾಗೆ ಆಗ ಮೂರು ತಿಂಗಳು. ಮೈಯೆಲ್ಲ ಕೆಂಪು ಗುಳ್ಳೆ. ಯಾವ ಅಂಗಿ ಹಾಕಿದರೂ ಚೀರುತ್ತಿದ್ದಳು. ಉಳಿದ ಕಟ್ಟುಗಳ ಬಟ್ಟೆ ಒರಟು. ಐರಿಶ್ ಕಟ್ಟಿನ ಬಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಅಂಥ ಮೆತ್ತನೆಯ ಬಟ್ಟೆಯನ್ನು ನಾನು ಆವರೆಗೆ ಕಂಡಿರಲಿಲ್ಲ. ಮಧ್ಯಾಹ್ನ ಮರೆಪ್ಪ ಇಲ್ಲದ ಹೊತ್ತಿನಲ್ಲಿ, ಕೆಳಗಿನ ಒಂದು ಹಾಳೆ ತೆಗೆದು ಮಡಿಚಿ ಊಟದ ಡಬ್ಬಿಯ ಚೀಲಕ್ಕೆ ಹಾಕಿಕೊಂಡೆ. ಏಳರಲ್ಲಿ ಒಂದು ಹೋದರೆ ಯಾರು ಕೇಳುತ್ತಾರೆ ಎಂದುಕೊಂಡೆ.

ಒಂದೂವರೆ ತಿಂಗಳ ಮೇಲೆ ಸರ್ ಕೇಳಿದರು.

ಮರೆಪ್ಪ ನನ್ನ ಮೇಜಿಗೆ ಬಂದು, "ಬಾಯಾರ, ನೀವೇನರ ನೋಡೀರೇನ್ರಿ?" ಎಂದ. ಇಲ್ಲ ಎಂದೆ. ಅವನು ಮತ್ತೆ ಹೋಗಿ ರ್ಯಾಕಿನ ಹಿಂದೆ ಹುಡುಕಿದ. ಆ ವಾರವಿಡೀ ಹುಡುಕಿದ.

ಜನವರಿ 16, ಮಂಗಳವಾರ

ನಿನ್ನೆಯ ಪುಟ ಹರಿಯಬೇಕೆಂದಿದ್ದೆ. ಹರಿಯಲಿಲ್ಲ.

ಜನವರಿ 20, ಶನಿವಾರ

ಸರ್ ತಾವೇ ಊಹಿಸಿ ಸೂರು ಮಾಡಲು ಹೊರಟಿದ್ದಾರೆ. ರಟ್ಟಿನಲ್ಲಿ ಬಾಗು ಕತ್ತರಿಸುತ್ತಾರೆ, ಬೋಗಿಯ ಮೇಲಿಟ್ಟು ತಡವುತ್ತಾರೆ, ಅಲ್ಲ ಎಂದು ಎಸೆಯುತ್ತಾರೆ. ಇವತ್ತು ಬ್ಲೇಡು ಹೆಬ್ಬೆರಳಿಗೆ ಹತ್ತಿತು. ಅವರಿಗೆ ರಕ್ತ ಕಾಣಲಿಲ್ಲ, ಅಂಟು ಎಂದುಕೊಂಡು ರಟ್ಟಿಗೆ ಒತ್ತಿದರು. ನಾನೇ ತೊಳೆದು ಪಟ್ಟಿ ಕಟ್ಟಿದೆ.

"ಪೂರಾ ಕುರುಡ ಆಗೂದರೊಳಗ ಒಮ್ಮೆ ಆ ಹಾಳಿ ಸಿಗಬೇಕಿತ್ತು," ಎಂದರು.

ಗಾಡಿಯಲ್ಲಿ ಬರುವಾಗ ಕಣ್ಣು ಮುಚ್ಚಿ ಆ ಹಾಳೆಯನ್ನು ನೆನೆದೆ. 1988ರಲ್ಲಿ ಸರ್ ನನಗೆ ಕೈ ಕುದುರಲೆಂದು ಆ ಕಟ್ಟನ್ನು ನಕಲು ಮಾಡಿಸಿದ್ದರು. ಆರು ಪೂರ್ತಿ ಮಾಡಿದ್ದೆ, ಏಳನೆಯದನ್ನು ಅರ್ಧ. ಆ ನಕಲುಗಳು ಆಮೇಲೆ ರದ್ದಿಗೆ ಹೋದವು. ಎಡಗಡೆಯ ಅರ್ಧ, ತುದಿಯ ಗೋಡೆ, ಎರಡು ಸಣ್ಣ ಕಿಟಕಿ, ಸೂರಿನ ಬಾಗು, ನನ್ನ ಕೈಗೆ ಇನ್ನೂ ನೆನಪಿದೆ. ಬಲಗಡೆಯದನ್ನು, ಒಳಗಿನ ಬೆಂಚು, ನಡುಗೋಡೆಗಳನ್ನು, ಬರೀ ಕಣ್ಣಿನಿಂದ ನೋಡಿದ್ದೆ. ಊಹಿಸಬಹುದು.

ಟ್ರಂಕಿನಲ್ಲಿ ಕಂಪನಿಯ ಕಾಲದ ಖಾಲಿ ಬಟ್ಟೆಯ ಒಂದು ತುಂಡು ಇದೆ.

ಜನವರಿ 30, ಮಂಗಳವಾರ

ಎಂಟು ದಿನದಿಂದ ಕೂತಿದ್ದೇನೆ. ಭುವನಾ ಆಫೀಸಿಗೆ ಹೋದ ಮೇಲೆ ಊಟದ ಮೇಜಿನ ಮೇಲೆ ಬಟ್ಟೆ ಹರಡಿ ನಾಲ್ಕು ಮೂಲೆಗೆ ಪಿನ್ನು ಚುಚ್ಚುತ್ತೇನೆ. ನಾಚಿಕೆಯಾಗಬೇಕು, ಆದರೆ ಸುಖವಾಗುತ್ತಿದೆ. ಆ ಇಂಜಿನಿಯರು ಗೆರೆಯ ಕೊನೆಗೆ ಪೆನ್ನನ್ನು ಕೊಂಚ ಒತ್ತುತ್ತಿದ್ದ, ಅಂಕಿ ನಾಲ್ಕರ ತಲೆ ಬಿಚ್ಚಿ ಬರೆಯುತ್ತಿದ್ದ. ಅದೆಲ್ಲ ತಾನಾಗಿ ಬರುತ್ತಿದೆ.

ಇದರಿಂದ ಸರ್ ಬೋಗಿ ಮುಗಿಯುತ್ತದೆ. ಮರೆಪ್ಪನ ಮೇಲಿನ ಸಿಟ್ಟೂ ಹೋಗುತ್ತದೆ. ಕಳೆದುಹೋದದ್ದು ಸಿಕ್ಕಿತು ಎಂದಮೇಲೆ ಸಿಟ್ಟೇಕೆ?

ಫೆಬ್ರುವರಿ 6, ಮಂಗಳವಾರ

ಮುಗಿಯಿತು. ಹಳತು ಮಾಡಲು ಚಹಾದ ನೀರು ಹಚ್ಚುವಂತಿಲ್ಲ, ಗಂಜಿ ಬಿಟ್ಟುಕೊಳ್ಳುತ್ತದೆ. ಬಾಲ್ಕನಿಯ ಬಿಸಿಲಿನಲ್ಲಿ ನಾಲ್ಕು ದಿನ ತೂಗುಹಾಕಿದೆ. ಫ್ಯಾನಿನ ರೆಕ್ಕೆಯ ಧೂಳನ್ನು ಹತ್ತಿಯಿಂದ ಸವರಿದೆ. ಮಡಿಕೆಗಳಲ್ಲಿ ಉಗುರಿನಿಂದ ಗೀರಿದೆ. ಮೂಲೆಯಲ್ಲಿ ಆ ಮನುಷ್ಯನ ಸಹಿಯ ಎರಡು ಅಕ್ಷರ ಹಾಕಿದೆ.

ಸಂಜೆ ಭುವನಾ ನೋಡಿ, "ಅವ್ವಾ, ಯೇ ತೋ ಬಹುತ್ ಪುರಾನಾ ಲಗ್ತಾ ಹೈ. ಇಷ್ಟು ಹಳೇದು ಎಲ್ಲಿ ಸಿಕ್ತು?" ಎಂದಳು.

ಬೈಕುಲ್ಲಾದ ರದ್ದಿ ಅಂಗಡಿಯಲ್ಲಿ, ಎಂದೆ. ಹೇಳುವಾಗ ಮಾತು ತಡವರಿಸಲಿಲ್ಲ.

ಫೆಬ್ರುವರಿ 10, ಶನಿವಾರ

ಕೊಟ್ಟೆ.

ಸರ್ ಮೊದಲು ಹಾಳೆಯನ್ನು ಮೂಸಿದರು. ಆಮೇಲೆ ಭೂತಗನ್ನಡಿ ಹಿಡಿದು, ಮೋರೆ ಓರೆ ಮಾಡಿ, ಒಂದೊಂದೇ ಅಂಗುಲ ನೋಡಿದರು. ಇಪ್ಪತ್ತು ನಿಮಿಷವಾದರೂ ಆಗಿರಬೇಕು. ಇವರಿಗೆ ಗೊತ್ತಾಗುತ್ತದೆ, ಗೊತ್ತಾಗಲಿ, ಎಂದು ನಾನು ನಿಂತೇ ಇದ್ದೆ. ಗೊತ್ತಾಗಲಿಲ್ಲ.

"ವೈಶಾಲಿ, ಬಾ ಇಲ್ಲೆ," ಎಂದು ಕೂಗಿದರು. "ನಮ್ಮ ಶಿವಕುಮಾರಿ ಹುಡುಕಿ ತಂದಾಳ ನೋಡು."

ಎಲ್ಲಿ ಸಿಕ್ಕಿತೆಂದು ಕೇಳಿದರು. ರದ್ದಿ ಅಂಗಡಿ ಎಂದೆ. ನಾನು ಅಂದುಕೊಂಡದ್ದು ಇಷ್ಟೇ: ಸಿಕ್ಕಿತು ಎಂದರೆ ಮಾತು ಮುಗಿಯುತ್ತದೆ. ಸರ್ ಭೂತಗನ್ನಡಿ ಕೆಳಗಿಟ್ಟರು. ಅವರ ಮೋರೆಯ ಬಣ್ಣ ಬೇರೆಯಾಯಿತು.

"ರದ್ದಿಗೆ ಹಾಕಿದ್ದನೇನು ಅಂವಾ? ನಾ ಇಷ್ಟ ವರ್ಷ ಎಲ್ಲೋ ಕಳದಾನ, ಬೇಜವಾಬ್ದಾರಿ ಮನಿಷಾ ಅಂತ ತಿಳಕೊಂಡಿದ್ದೆ. ಮಾರಿಕೊಂಡಾನ. ಅಂದರ ಕಳ್ಳ."

"ಹಂಗಿರಲಿಕ್ಕಿಲ್ಲ ಸರ್. ಕಂಪನಿ ಮುಚ್ಚಿದಾಗ ಯಾರ್ಯಾರೋ..."

"ಕೀಲಿ ಯಾರ ಕೈಯಾಗ ಇತ್ತು ಶಿವಕುಮಾರಿ?"

ವೈಶಾಲಿ ಮೊಬೈಲಿನಲ್ಲಿ ಹಾಳೆಯ ಫೋಟೋ ತೆಗೆದು ಐರ್ಲೆಂಡಿನ ಹಳೆಯ ರೈಲುಪ್ರೇಮಿಗಳ ಸಂಘಕ್ಕೆ ಕಳಿಸಿದಳು. ಆ ಸಂಘದವರೊಡನೆ ಸರ್ ಮೂವತ್ತು ವರ್ಷದಿಂದ ಪತ್ರ ವ್ಯವಹಾರ ಇಟ್ಟುಕೊಂಡಿದ್ದಾರೆ. ನಾನು ಬೇಡವೆನ್ನುವಷ್ಟರಲ್ಲಿ ಹೋಗಿಬಿಟ್ಟಿತ್ತು. ಬೇಡವೆನ್ನಲು ಬಾಯಿ ತೆರೆದಿದ್ದೆನೋ ಇಲ್ಲವೋ, ನಿಜ ಹೇಳಬೇಕೆಂದರೆ ನೆನಪಿಲ್ಲ.

ಫೆಬ್ರುವರಿ 11, ಭಾನುವಾರ

ಬೇಜವಾಬ್ದಾರಿಯಾಗಿದ್ದವನನ್ನು ನಾನು ಕಳ್ಳನನ್ನಾಗಿ ಮಾಡಿದೆ.

ಫೆಬ್ರುವರಿ 17, ಶನಿವಾರ

ಹೋಗಲಿಲ್ಲ. ನೆಗಡಿ ಎಂದು ವೈಶಾಲಿಗೆ ಮೆಸೇಜು ಹಾಕಿದೆ.

ಫೆಬ್ರುವರಿ 24, ಶನಿವಾರ

ಐರ್ಲೆಂಡಿನಿಂದ ಉತ್ತರ ಬಂದಿದೆ. ಸರ್ ಅದನ್ನು ವೈಶಾಲಿಯಿಂದ ನಾಲ್ಕು ಸಲ ಓದಿಸಿದ್ದಾರೆ. ನಾನು ಹೋದಮೇಲೆ ಐದನೆಯ ಸಲ.

ಸಂಘದವರು ಫೋಟೋವನ್ನು ಆ ರೈಲು ಓಡಿದ ಊರಿಗೆ ದಾಟಿಸಿದ್ದರು, ಉತ್ತರ ಅಲ್ಲಿಯವರದು. ಅಲ್ಲಿ ಸಮುದ್ರದ ಬದಿಯ ಒಂದು ಹೊಲದಲ್ಲಿ ಅದೇ ಬೋಗಿಯ ಒಡಲು ಸಿಕ್ಕಿದೆಯಂತೆ. ರೈಲು ನಿಂತಮೇಲೆ ಒಬ್ಬ ರೈತ ಅದನ್ನು ಕೊಂಡು ಕೋಳಿಗೂಡು ಮಾಡಿಕೊಂಡಿದ್ದ. ಎರಡೂ ತುದಿ ಕೊಳೆತುಹೋಗಿವೆ, ಒಳಗೆ ಏನೂ ಉಳಿದಿಲ್ಲ. ಊರಿನ ಬಡಗಿಗಳು, ನಿವೃತ್ತ ಮೇಷ್ಟರುಗಳು ಸೇರಿ ಅದನ್ನು ಮೊದಲಿನಂತೆ ಮಾಡುತ್ತಿದ್ದಾರೆ. ತುದಿ ಹೇಗಿತ್ತೆಂದು ತಿಳಿಯದೆ ಆರು ವರ್ಷದಿಂದ ಕೆಲಸ ನಿಂತಿತ್ತು. ಈಗ ನಕ್ಷೆ ಸಿಕ್ಕಿತು, ಬರುವ ತಿಂಗಳು ಮರ ಕೊಯ್ಯುತ್ತೇವೆ, ಮುಂಬಯಿಯ ಆ ಹೆಣ್ಣುಮಗಳಿಗೆ ನಮ್ಮ ಊರಿನ ಎಲ್ಲರ ಕೃತಜ್ಞತೆ ತಿಳಿಸಿ, ಎಂದು ಬರೆದಿದ್ದಾರೆ.

"ಕೇಳಿದೇನು? ಖರೇ ಗಾಡಿ. ಖರೇ ಕಟಿಗಿ," ಎಂದರು ಸರ್. ಅವರು ಅಳುತ್ತಿದ್ದರು.

ಬಲಗಡೆಯ ಅರ್ಧದಲ್ಲಿ ನಾನು ಬೆಂಚಿನ ಬೆನ್ನನ್ನು ನಮ್ಮ ಲೋಕಲ್ ಗಾಡಿಯ ಬೆಂಚು ನೆನೆದು ಬರೆದಿದ್ದೆ. ನಡುಗೋಡೆಯ ಎತ್ತರವನ್ನು ಸುಮ್ಮನೆ ಚೆಂದ ಕಾಣಲೆಂದು ಹಾಕಿದ್ದೆ. ಅದರ ಪ್ರಕಾರ ಮರ ಕೊಯ್ಯುತ್ತಾರೆ.

ಫೆಬ್ರುವರಿ 27, ಮಂಗಳವಾರ

ಭುವನಾಗೆ ಎಲ್ಲ ಹೇಳಿದೆ. ಅವಳು ಊಟದ ತಟ್ಟೆ ಹಿಡಿದು ಕೂತವಳು ಹಾಗೆಯೇ ಕೂತಳು.

"ಏಕ್ ಡ್ರಾಯಿಂಗ್ ಹೀ ತೋ ಥಾ, ಅವ್ವಾ," ಎಂದಳು ಮೊದಲು. ಬರೀ ಒಂದು ನಕ್ಷೆ ತಾನೇ ಎಂದು, ನನ್ನನ್ನು ಸಮಾಧಾನ ಮಾಡಲು. ಆಮೇಲೆ, "ಆ ಪ್ಯೂನ್ ಅಂಕಲ್‌ದು ಏನಾಯ್ತು?"

ಖಲಾಸಿ ಮಾಡಿದರು, ಎಂದೆ.

"ನನ್ನ ಅಂಗೀ ಸಲುವಾಗಿ?"

ನಿನ್ನ ಸಲುವಾಗಿ ಅಲ್ಲ, ಎಂದೆ. ಬಟ್ಟೆ ತೆಗೆದುಕೊಂಡದ್ದು ನಿನ್ನ ಸಲುವಾಗಿ ಇರಬಹುದು. ಸುಮ್ಮನಿದ್ದದ್ದು ನನ್ನ ಸಲುವಾಗಿ.

ಅವಳು ಎದ್ದು ತಟ್ಟೆ ತೊಳೆದಳು. ಮಲಗುವ ಮೊದಲು ಬಂದು, "ಬತಾ ದೇ ಉನಕೋ, ಹೇಳಿಬಿಡು. ಶನಿವಾರದ ತನಕ ಯಾಕೆ?" ಎಂದಳು.

ಆದರೂ ಶನಿವಾರದ ತನಕ ಕಾದೆ.

ಮಾರ್ಚ್ 2, ಶನಿವಾರ

ಹೇಳಿದೆ. ಕ್ರಮವಾಗಿ ಬರೆಯುತ್ತೇನೆ.

ಸರ್ ಸೂರಿಗೆ ಹಿತ್ತಾಳೆ ತಗಡು ಬಾಗಿಸುತ್ತಿದ್ದರು. ಸರ್, ಅದನ್ನು ಕೆಳಗಿಡಿ ಎಂದೆ. ಇಟ್ಟರು. ಆ ಹಾಳೆ ನಾನು ಬರೆದದ್ದು, ಜನವರಿಯಲ್ಲಿ, ನಮ್ಮ ಮನೆಯಲ್ಲಿ, ಎಂದೆ. ಅವರು ನಕ್ಕರು. ಆಮೇಲೆ ನಗಲಿಲ್ಲ.

"ಅಸಲ್ ಹಾಳಿ?"

"ನಾನs ತೊಳದೆ ಸರ್. ತೊಂಬತ್ತೊಂದರಾಗ. ಬಿಸಿನೀರಾಗ ಹಾಕಿ."

"ಏನ್ ಮಾಡಿದಿ ಅದನ್ನ?"

"ಕೂಸಿಗೆ ಮೂರು ಅಂಗಿ ಹೊಲದೆ."

ಅವರು ಮೇಜಿನ ಅಂಚು ಹಿಡಿದುಕೊಂಡರು. ಕೆಳಗೆ ರಸ್ತೆಯಲ್ಲಿ ಭಾಜಿ ಮಾರುವವನು ಕೂಗುತ್ತ ಹೋದ.

"ಕೇಳಿದ್ದರ ನನ್ನ ಧೋತರ ಹರದ ಕೊಡತಿದ್ದೆನಲ್ಲ ಶಿವಕುಮಾರಿ," ಎಂದರು.

ಅದಕ್ಕಿಂತ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಅವರ ಕಾಲು ಮುಟ್ಟಲು ಬಗ್ಗಿದೆ. ಕಾಲು ಹಿಂದಕ್ಕೆ ಎಳೆದುಕೊಂಡರು.

"ನನ್ನ ಕಾಲ ಯಾಕ ಹಿಡೀತಿ? ನನ್ನದೇನ ಹೋತು? ಒಂದು ಆಟಗಿ ಸಾಮಾನು. ಮರೆಪ್ಪ ತನ್ನ ಮಗಳ ಲಗ್ನದ ಕಾರ್ಡು ತಗೊಂಡ ಇದs ಬಾಗಲಕ್ಕ ಬಂದಿದ್ದ. ನಾ ಏನಂದೆ ಗೊತ್ತೇನು? ಇಟ್ಟದ್ದ ಕಾಯಲಾರದಾಂವ ಮಗಳನ್ನ ಏನ ಕಾದಿರತಿ ಅಂದೆ. ಮಂದಿ ಮುಂದ ಅಂದೆ. ಕಾರ್ಡ ಒಳಗ ತಗೊಳ್ಳಲಿಲ್ಲ."

ಇದು ನನಗೆ ಗೊತ್ತಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ವೈಶಾಲಿಗೆ ಸರ್, "ಐರ್ಲೆಂಡಿಗೆ ಈಗಿಂದೀಗ ಬರಿ. ಮರ ಕೊಯ್ಯಬ್ಯಾಡ್ರಿ ಅನ್ನು. ನಕ್ಷಾ ಖೊಟ್ಟಿ ಅದ ಅನ್ನು," ಎಂದರು. ಮಾಡಿದವರು ಯಾರೆಂದು ಬರೆಯಲೇ ಎಂದು ವೈಶಾಲಿ ನನ್ನ ಕಡೆ ನೋಡಿದಳು. ಹೆಸರು ಹಾಕಮ್ಮಾ, ಎಂದೆ. ಅವಳು ಟೈಪ್ ಮಾಡಿದ್ದನ್ನು ನಾನೇ ಓದಿ ನೋಡಿದೆ.

ನಾನು ಹೊರಡುವ ತನಕ ಸರ್ ತಗಡನ್ನು ಮತ್ತೆ ಕೈಗೆ ತೆಗೆದುಕೊಳ್ಳಲಿಲ್ಲ.

ಮಾರ್ಚ್ 5, ಮಂಗಳವಾರ

ಬೈಕುಲ್ಲಾಕ್ಕೆ ಹೋಗಿದ್ದೆ. ಮರೆಪ್ಪ ಇನ್ನೂ ಕಂಪನಿಯ ಹಿಂದಿನ ಅದೇ ಚಾಳಿನಲ್ಲಿ, ಮೂರನೆಯ ಮಾಳಿಗೆಯಲ್ಲಿದ್ದಾನೆ. ಕಂಪನಿ ಇದ್ದಲ್ಲಿ ಈಗ ಗಾಜಿನ ಟವರು. ಅದರ ನೆರಳು ಚಾಳಿನ ಮೇಲೆ ಬೀಳುತ್ತದೆ.

ಬಾಗಿಲು ತೆರೆದವಳು ಅವನ ಹೆಂಡತಿ ಮಲ್ಲವ್ವ. ಗುರುತು ಹೇಳಿದೆ. "ಆಫೀಸಿನ ಬಾಯಾರು ಬಂದಾರ ನೋಡ್ರಿ," ಎಂದು ಸಂಭ್ರಮದಿಂದ ಒಳಗೆ ಕರೆದಳು. ಮರೆಪ್ಪ ಹಾಸಿಗೆಯಿಂದ ಎದ್ದು ಟೊಪ್ಪಿಗೆ ಹಾಕಿಕೊಂಡ. ನನಗಿಂತ ಆರು ವರ್ಷ ದೊಡ್ಡವನು, ಕಂಡರೆ ಇಪ್ಪತ್ತು ವರ್ಷ ದೊಡ್ಡವನು. ಬಲಭುಜ ಒಂದು ಕಡೆ ಇಳಿದಿದೆ. ಹನ್ನೊಂದು ವರ್ಷ ಕಬ್ಬಿಣ ಹೊತ್ತ ಭುಜ.

ಮಲ್ಲವ್ವ ಚಹಾ ತಂದಳು. ನನಗೊಂದೇ ಲೋಟ.

"ನಿಮಗ?" ಎಂದೆ.

"ಅವರು ಕುಡಿಯಂಗಿಲ್ಲರಿ. ಬಿಟ್ಟು ಭಾಳ ವರ್ಷ ಆತು," ಎಂದಳು ಮಲ್ಲವ್ವ.

ಲೋಟ ಕೆಳಗಿಟ್ಟು ಹೇಳಿದೆ. ಈ ಸಲ ಎಲ್ಲವನ್ನೂ ಹೇಳಿದೆ. ಬಟ್ಟೆ ತೊಳೆದದ್ದು, ಅವನು ನನ್ನ ಮೇಜಿಗೆ ಬಂದು ಕೇಳಿದಾಗ ಇಲ್ಲ ಎಂದದ್ದು, ಅವನು ಹುಡುಕುವುದನ್ನು ಒಂದು ವಾರ ನೋಡಿದ್ದು, ಈಗ ಖೊಟ್ಟಿ ನಕ್ಷೆ ಬರೆದು ಸರ್ ಬಾಯಿಂದ ಅವನನ್ನು ಕಳ್ಳ ಅನ್ನಿಸಿದ್ದು.

ಮರೆಪ್ಪ ತುಂಬ ಹೊತ್ತು ತನ್ನ ಅಂಗೈಯನ್ನೇ ನೋಡುತ್ತಿದ್ದ.

"ರೂಮ ಖಾಲಿ ಮಾಡೂ ದಿನದಾಗ ಒಂದ ಮಧ್ಯಾನ ನಾ ಚಹಾಕ್ಕ ಹೋಗಿದ್ದೆರಿ ಬಾಯಾರ. ಕೀಲಿ ಹಾಕದs ಹೋಗಿದ್ದೆ. ಹತ್ತ ಮಿನಿಟ. ಆವಾಗs ಯಾರೋ ಒಯ್ದಾರ, ಇಲ್ಲಾ ನಾನs ಎಲ್ಲೋ ಹಾಕೀನಿ, ಅಂತ ನಾ ನಂಬೀನಿ. ನಂಬೇ ಬಿಟ್ಟೀನಿರಿ. ಅದಕ್ಕs ಚಹಾ ಬಿಟ್ಟೆ. ಬಸವಣ್ಣನ ಮುಂದ ನಿಂತು ಬಿಟ್ಟೆ. ನನ್ನ ತಪ್ಪಿಗೆ ನಾನs ಹಾಕ್ಕೊಂಡ ದಂಡ ಅದು."

ಮಲ್ಲವ್ವ ಒಲೆಯ ಹತ್ತಿರ ನಿಂತಿದ್ದಳು. "ಕನಸಿನ್ಯಾಗ ಸೈತ ಹುಡುಕತಿದ್ದರ್ರಿ," ಎಂದಳು. ಅವಳ ದನಿಯಲ್ಲಿ ಮೊದಲಿನ ಸಂಭ್ರಮವಿರಲಿಲ್ಲ. "ನಾನೂ ಬೈದೀನಿ. ನಿಮ್ಮ ಕೈಯಾಗ ಏನೂ ಉಳಿಯಂಗಿಲ್ಲ ಅಂತ, ಜಗಳಾದಾಗೆಲ್ಲಾ ಬೈದೀನಿ."

"ನೀ ಸುಮ್ಮನಿರು," ಎಂದ ಮರೆಪ್ಪ. ಆಮೇಲೆ ನನಗೆ, "ಏನ್ ಮಾಡಂತೀರಿ ಈಗ?"

ನೀವು ಹೇಳಿದ್ದು ಮಾಡುತ್ತೇನೆ ಎಂದೆ. ಸರ್ ನಿಮ್ಮನ್ನು ನೋಡಬೇಕಂತಾರೆ, ನಾನು ಕರೆದುಕೊಂಡು ಹೋಗುತ್ತೇನೆ, ಟ್ಯಾಕ್ಸಿಯಲ್ಲಿ, ಎಂದೆ. ಅಷ್ಟೂ ನಿಜವಲ್ಲ, ಸರ್ ಹಾಗೆ ಬಾಯಿಬಿಟ್ಟು ಹೇಳಿರಲಿಲ್ಲ.

"ನಾ ಒಮ್ಮೆ ಆ ಬಾಗಲಕ್ಕ ಹೋಗೀನಿ," ಎಂದ. "ಅವರ ಬರಲಿ."

ಚಹಾ ಹಾಗೆಯೇ ಉಳಿಯಿತು. ಕುಡಿಯುವ ಧೈರ್ಯವಾಗಲಿಲ್ಲ, ಬಿಟ್ಟುಬರುವುದೂ ಅವಮಾನ ಮಾಡಿದಂತೆ. ಕೊನೆಗೆ ನಿಂತುಕೊಂಡೇ ಕುಡಿದು ಬಂದೆ. ತಣ್ಣಗಾಗಿತ್ತು.

ಮಾರ್ಚ್ 6, ಬುಧವಾರ

ಸರ್‌ಗೆ ಫೋನ್ ಮಾಡಿ ಮರೆಪ್ಪ ಅಂದದ್ದನ್ನು ಹೇಳಿದೆ. "ಬರೋಬ್ಬರಿ ಅಂದಾನ. ರವಿವಾರ ಬಾ," ಎಂದು ಇಟ್ಟರು.

ವೈಶಾಲಿ ಮೆಸೇಜು ಕಳಿಸಿದ್ದಾಳೆ. ಐರ್ಲೆಂಡಿನವರು ಕೆಲಸ ನಿಲ್ಲಿಸಿದ್ದಾರೆ. ಒಂದು ಹಲಗೆ ಆಗಲೇ ಕೊಯ್ದಾಗಿತ್ತಂತೆ. ಆ ಊರಿನಲ್ಲಿ ಎಲ್ಲರಿಗೂ ಬಹಳ ಬೇಸರವಾಗಿದೆ ಎಂದಷ್ಟೇ ಬರೆದಿದ್ದಾರೆ.

ಮಾರ್ಚ್ 10, ಭಾನುವಾರ

ಭಾನುವಾರವಾದ್ದರಿಂದ ಮೆಗಾ ಬ್ಲಾಕ್, ಹಳಿ ರಿಪೇರಿಗೆಂದು ಗಾಡಿಗಳು ಕಡಿಮೆ. ನಾನು ಮಲಾಡ್ ಮುಟ್ಟುವುದೇ ಹನ್ನೊಂದಾಯಿತು. ವೈಶಾಲಿ ಕಾರು ತೆಗೆಯುತ್ತೇನೆ ಎಂದಳು. ಸರ್ ಒಪ್ಪಲಿಲ್ಲ. ಮರೆಪ್ಪ ಕಾರ್ಡು ಕೊಡಲು ಲೋಕಲ್ ಗಾಡಿಯಲ್ಲಿ ಬಂದಿದ್ದ, ನಾನೂ ಗಾಡಿಯಲ್ಲೇ ಹೋಗುತ್ತೇನೆ ಎಂದರು.

ದಾದರ್‌ನಲ್ಲಿ ಇಳಿದು ಸೇತುವೆ ಹತ್ತಿ ಇನ್ನೊಂದು ಲೈನಿಗೆ ಹೋಗುವಾಗ ಅವರು ನನ್ನ ತೋಳು ಬಿಗಿಯಾಗಿ ಹಿಡಿದಿದ್ದರು. ನನ್ನ ಮೇಲಿನ ಸಿಟ್ಟು ಇದ್ದೇ ಇತ್ತು. ಬೇರೆ ಯಾವ ತೋಳೂ ಇರಲಿಲ್ಲ. ಮೆಟ್ಟಿಲು ಬಂತು ಎಂದರೆ ಹೂಂ, ಮುಗಿಯಿತು ಎಂದರೆ ಹೂಂ. ಅಷ್ಟೇ ಮಾತು.

ಚಾಳಿನ ಮೂರು ಮಾಳಿಗೆ ಹತ್ತಲು ಅರ್ಧ ಗಂಟೆ ಬೇಕಾಯಿತು. ಪ್ರತಿ ಮಾಳಿಗೆಗೆ ನಿಂತು ಉಸಿರು ತೆಗೆದುಕೊಂಡರು. ಮೇಲೆ ಗ್ಯಾಲರಿಯಲ್ಲಿ ಮರೆಪ್ಪ ನಿಂತು ನೋಡುತ್ತಿದ್ದ. ಇಳಿದು ಬರಲಿಲ್ಲ. ಟೊಪ್ಪಿಗೆ ಹಾಕಿಕೊಂಡಿದ್ದ, ತೊಳೆದ ಅಂಗಿ.

ಸರ್‌ಗೆ ಅವನು ಕಾಣಲಿಲ್ಲ. ಎಲ್ಲಿದ್ದಾನೆ ಎಂದು ನನ್ನನ್ನು ಮೆಲ್ಲಗೆ ಕೇಳಿದರು. ನಿಮ್ಮ ಮುಂದೆಯೇ, ಎಂದೆ. ಅವರು ಆ ಕಡೆ ಕೈ ಮುಗಿದರು. ಕೊಂಚ ಓರೆಯಾಗಿ, ಮಲ್ಲವ್ವ ನಿಂತಿದ್ದ ಕಡೆಗೆ. ಮರೆಪ್ಪ ಎರಡು ಹೆಜ್ಜೆ ಸರಿದು ಆ ಮುಗಿದ ಕೈಗಳ ಎದುರಿಗೆ ಬಂದು ನಿಂತ.

"ಮರೆಪ್ಪಾ, ಕಾರ್ಡ ತಗೊಳ್ಳಾಕ ಬಂದೀನಿ. ಭಾಳ ತಡಾ ಆತು," ಎಂದರು ಸರ್.

"ಆಕೀ ಮಕ್ಕಳು ಕಾಲೇಜಿಗೆ ಹೊಂಟಾವರಿ ಸಾಹೇಬ್ರ."

"ನಾ ಅಂದದ್ದು..."

"ನೆನಪೈತಿರಿ. ಹೇಳಬ್ಯಾಡ್ರಿ ಮತ್ತ. ಒಳಗ ಬರ್ರಿ."

ಅವರಿಬ್ಬರೂ ಒಳಗೆ ಹೋದರು. ನಾನು ಗ್ಯಾಲರಿಯಲ್ಲಿ ಒಣಹಾಕಿದ ಬಟ್ಟೆಗಳ ಪಕ್ಕ ಒಂದು ಸ್ಟೂಲಿನ ಮೇಲೆ ಕೂತೆ. ಒಳಗೆ ಕರೆಯಲಿಲ್ಲ, ನಾನೂ ಹೋಗಲಿಲ್ಲ. ಮಾತು ಕೇಳಿಸುತ್ತಿತ್ತು. ಸರ್ ತಪ್ಪಾಯಿತು ಎಂದರು. ಮರೆಪ್ಪ ಏನೂ ಅನ್ನಲಿಲ್ಲ. ಬಹಳ ಹೊತ್ತಾದ ಮೇಲೆ ಇಬ್ಬರೂ ಊರಿನ ಮಾತು ಎತ್ತಿಕೊಂಡರು. ಯಾರು ಹೋದರು, ಯಾರು ಉಳಿದರು ಎಂಬುದು. ಒಮ್ಮೆ ಸರ್ ನಕ್ಕದ್ದು ಕೇಳಿಸಿತು. ಮರೆಪ್ಪ ನಕ್ಕದ್ದು ಕೇಳಿಸಲಿಲ್ಲ.

ಹೊರಡುವಾಗ ಮರೆಪ್ಪ ಸರ್ ಕೈ ಹಿಡಿದು ಮೊದಲ ಮೆಟ್ಟಿಲಿನ ತನಕ ತಂದು ನನಗೆ ಒಪ್ಪಿಸಿದ. ಆಮೇಲೆ ಹೇಳಿದ:

"ಬಾಯಾರ, ನೀವು ಬಂದ ಹೇಳಿದ್ದು ಛಲೋ ಆತು. ಸುಳ್ಳ ಅಲ್ಲ, ಛಲೋನೇ ಆತು. ಆದ್ರ ಇನ್ನ ನೀವು ಇಲ್ಲಿ ಬರಬ್ಯಾಡ್ರಿ. ನಿಮ್ಮನ್ನ ನೋಡಿದ್ರ ನನಗ ಆ ರ್ಯಾಕ ಕಣ್ಣ ಮುಂದ ಬರತೈತಿ."

ಆಗಲಿ ಎಂದೆ.

ಕೆಳಗೆ ಇಳಿಯುವಾಗ ಒಂದೊಂದೇ ಮೆಟ್ಟಿಲು ಎಣಿಸಿ ಸರ್‌ಗೆ ಹೇಳಿದೆ.

ದಾದರ್ ದಾಟಿದ ಮೇಲೆ, ಗಾಡಿಯಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕ ಮೇಲೆ, ಸರ್ ಮೊದಲ ಸಲ ತಾವಾಗಿ ಮಾತಾಡಿದರು.

"ಎಷ್ಟ ನೆನಪೈತಿ ನಿನಗ? ಖರೇ ಖರೇ ಹೇಳು."

ಎಡಗಡೆಯ ಅರ್ಧ, ಎಂದೆ. ಸೂರಿನ ಬಾಗು, ಗೋಡೆ, ಕಿಟಕಿ. ಕೈಯಿಂದ ಎಳೆದದ್ದಷ್ಟು. ಬಲಗಡೆಯದು ನೆನಪಿಲ್ಲ.

"ಮತ್ತೊಂದ ಹಾಳಿ ತೆಗಿ. ನೆನಪಿದ್ದಷ್ಟs ತೆಗಿ. ಉಳದದ್ದ ಖಾಲಿ ಬಿಡು. ಅವರಿಗೆ ಅರ್ಧಾ ಆದರೂ ಸಿಗಲಿ."

"ಯಾರ ಹೆಸರ ಹಾಕಲಿ ಸರ್?"

"ನಿಂದs ಹಾಕು. ಮ್ಯಾಲೆ ಬರಿ, ಅಸಲ್ ಹಾಳಿ ಹೆಂಗ ಹಾಳಾತು ಅಂತ. ಯಾರ ತಪ್ಪ ಅಲ್ಲ ಅಂತನೂ ಬರಿ."

ಮಾರ್ಚ್ 16, ಶನಿವಾರ

ಮಲಾಡ್‌ಗೆ ಹೋಗಿ ಅಲ್ಲಿಯೇ, ಸರ್ ಎದುರಿಗೆ ಕೂತು ಬರೆದೆ. ಈ ಸಲ ಕಾಗದದ ಮೇಲೆ. ಟ್ರಂಕಿನ ಬಟ್ಟೆ ಮುಗಿದಿದೆ. ಎರಡು ಕಡೆ ಗೆರೆ ದಪ್ಪವಾಯಿತು, ಹಾಗೆಯೇ ಬಿಟ್ಟೆ.

ಹಾಳೆಯ ಮೇಲ್ಭಾಗದಲ್ಲಿ ಸಾಲುಗಳನ್ನು ಸರ್ ಹೇಳಿದಂತೆ ಬರೆದೆ. ಇದು ನೆನಪಿನಿಂದ ಬರೆದ ನಕ್ಷೆ. ಮೂಲ ಹಾಳೆಯನ್ನು 1991ರಲ್ಲಿ ಶಿವಕುಮಾರಿ ಎಂಬ ಟ್ರೇಸರ್ ರೆಕಾರ್ಡ್ ರೂಮಿನಿಂದ ಕದ್ದು ಬಿಸಿನೀರಿನಲ್ಲಿ ತೊಳೆದಳು. ರೆಕಾರ್ಡ್ ನೋಡಿಕೊಳ್ಳುತ್ತಿದ್ದ ಮರೆಪ್ಪ ಎಂಬುವವರ ತಪ್ಪು ಇದರಲ್ಲಿ ಏನೂ ಇಲ್ಲ.

ಸರ್ "ಒಯ್ದು" ಎಂದು ಹೇಳಿದ್ದರು. ಕದ್ದು ಎಂದು ಬರೆದದ್ದು ನಾನು. ಓದಿ ಹೇಳಿದಾಗ ಅವರು ತಿದ್ದಲಿಲ್ಲ.

ಎಡಗಡೆ ಒಂದು ಗೋಡೆ, ಎರಡು ಕಿಟಕಿ, ಸೂರಿನ ಅರ್ಧ ಬಾಗು. ಅದು ನಡುವಿನ ಗೆರೆಗೆ ಬಂದು ನಿಲ್ಲುತ್ತದೆ. ಬಲಗಡೆ ಖಾಲಿ ಬಿಟ್ಟಿದ್ದೇನೆ.